ನೋಟಿಸ್ ರದ್ದಾಯ್ತು, ಮತ್ತೆ ಕೊಟ್ಟೆವು

ನಾನು ಲಿಂಗಾಯತರ ಹುಡುಗ, ಅವಳು ಮುಸ್ಲಿಂ. ಯಾರೂ ಧರ್ಮ ಬದಲಿಸೋದು ಬೇಡ ಅಂತ 1954ರ ವಿಶೇಷ ವಿವಾಹ ಕಾಯ್ದೆಯಡಿ ದಾವಣಗೆರೆಯಲ್ಲೇ ನೋಟಿಸ್ ಕೊಟ್ಟೆವು. ಅವಳಿಗೆ ಬೆಂಗಳೂರಲ್ಲಿ ಕೆಲಸ. ಇಬ್ಬರಲ್ಲಿ ಒಬ್ಬರು 30 ದಿನ ಆ ಜಿಲ್ಲೆಯಲ್ಲಿ ಇದ್ದರೆ ಸಾಕು, ನಾನಿದ್ದೆನಲ್ಲ!

ಆಕ್ಷೇಪಣೆಗೆ 30 ದಿನ ಬಿಡಬೇಕು ಅನ್ನೋದು ಗೊತ್ತಿತ್ತು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಅದು ರದ್ದು ಅನ್ನೋದು ಗೊತ್ತಿರಲಿಲ್ಲ. ಅಪ್ಪ ಇವತ್ತು ಒಪ್ತಾರೆ, ನಾಳೆ ಒಪ್ತಾರೆ ಅಂತ ಕಾದು ಗಡುವು ದಾಟಿಸಿಬಿಟ್ಟೆವು. ತಪ್ಪು ನಮ್ಮದೇ.

ಎರಡನೇ ಸಲ ಹೊಸ ನೋಟಿಸ್ ಕೊಟ್ಟ ದಿನವೇ ಕ್ಯಾಲೆಂಡರಲ್ಲಿ ಎರಡೂ ತಾರೀಖಿಗೆ ಕೆಂಪು ಗುರುತು ಹಾಕಿದೆ. ಮೂವರು ಸಾಕ್ಷಿ ಬೇಕು. ಗೆಳೆಯರಿಬ್ಬರು ಸಿಕ್ಕರು. ಮೂರನೆಯವರಾಗಿ ಬರ್ತೀರಾ ಅಂತ ಸೋದರಮಾವನನ್ನೇ ಕೇಳಿದೆ. ಮಂಡಕ್ಕಿ ತಿನ್ನುತ್ತಿದ್ದರು. ಕಚ್ಚಿದ ಮಿರ್ಚಿಯನ್ನು ಪೇಪರ್ ಮೇಲಿಟ್ಟು, ಎಣ್ಣೆ ಕೈ ಒರೆಸಿಕೊಂಡು, “ನಿಮ್ಮವ್ವಂಗೆ ನಾನು ಹೇಳ್ತೀನಿ, ನೀ ಸುಮ್ನಿರು” ಅಂದರು.

ಸಹಿ ದಿನ ಅವ್ವ ಬಂದಳು. ಅಪ್ಪ ಇನ್ನೂ ಮಾತಾಡಿಲ್ಲ. ಆದರೆ ನನ್ನ ಫೋನ್ ಕಟ್ ಮಾಡೋದಿಲ್ಲ, ಎತ್ತಿ ಅವ್ವನ ಕೈಗೆ ಕೊಡ್ತಾರೆ.