ಸ್ಕಿಜೋಫ್ರೇನಿಯಾ ಜೀನ್ ಅಂತ ಸುದ್ದಿ ಬಂದ್ರೆ, ರಿಪೋರ್ಟ್ ಬಂದ್ರೆ ಹೆಂಗೆ ಓದ್ಬೇಕು

ಮನೇಲಿ ಯಾರಿಗಾದ್ರೂ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇದ್ರೆ "ಜೀನ್ ಸಿಕ್ತು" ಅನ್ನೋ ಸುದ್ದಿ ನೋಡಿದ ತಕ್ಷಣ ನಂಗೂ ಬರುತ್ತಾ, ಮಕ್ಳಿಗೂ ಬರುತ್ತಾ ಅಂತ ತಲೆ ಕೆಡೋದು ಸಹಜ. ಆಗ ಮೊದ್ಲು ಕೇಳ್ಬೇಕಾಗಿರೋದು ಒಂದೇ, ನೂರು ಜನ್ರಲ್ಲಿ ಎಷ್ಟು ಜನಕ್ಕೆ?

"ರಿಸ್ಕ್ ಹತ್ತು ಪಟ್ಟು" ಅಂದ್ರೆ ಎದೆ ಧಸಕ್ ಅನ್ನತ್ತೆ, ಆದ್ರೆ ಲೆಕ್ಕ ನೋಡಿ: ಯಾರಿಗೇ ಆಗ್ಲಿ ಜೀವಮಾನದಲ್ಲಿ ಬರೋ ಚಾನ್ಸ್ ನೂರಕ್ಕೆ ಹೆಚ್ಚುಕಮ್ಮಿ 1, ಅಪ್ಪನಿಗೋ ಅಮ್ಮನಿಗೋ ಒಡಹುಟ್ಟಿದವ್ರಿಗೋ ಇದ್ರೆ ಅದು ಸುಮಾರು 10 ಆಗತ್ತೆ, ಅಂದ್ರೆ ಮಿಕ್ಕ 90 ಜನಕ್ಕೆ ಬರಲ್ಲ. ಡಿಎನ್ಎ ಹೆಚ್ಚುಕಮ್ಮಿ ಒಂದೇ ಇರೋ ತದ್ರೂಪಿ ಅವಳಿಗಳಲ್ಲೂ ಒಬ್ರಿಗೆ ಬಂದ್ರೆ ಇನ್ನೊಬ್ರಿಗೆ ಬರೋದು ಅರ್ಧದಷ್ಟೂ ಗ್ಯಾರಂಟಿ ಇಲ್ಲ. ಇನ್ನು ಎಲ್ರೂ ಎಡವೋದು "80% ಆನುವಂಶಿಕ" ಅನ್ನೋ ಮಾತಲ್ಲಿ. ಅದು ಮಗುಗೆ ಬರೋ ಚಾನ್ಸ್ ಅಲ್ವೇ ಅಲ್ಲ, ಒಂದು ಜನಸಮೂಹದಲ್ಲಿ ಕಾಯಿಲೆಗೆ ತುತ್ತಾಗೋ ಸಾಧ್ಯತೆ ಒಬ್ರಿಂದ ಒಬ್ರಿಗೆ ಬೇರೆ ಇರತ್ತಲ್ಲ, ಆ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಎಷ್ಟು ಅನ್ನೋ ಲೆಕ್ಕ ಅಷ್ಟೆ.

ಆಮೇಲೆ ಡಿಎನ್ಎಲಿ ಸಿಕ್ಕಿರೋದು ಯಾವ ಥರದ ವ್ಯತ್ಯಾಸ, ತುಂಬಾ ಜನರಲ್ಲಿ ಇರೋದಾ ಅಪರೂಪದ್ದಾ ಅಂತ ನೋಡಿ. 2022ರ ದೊಡ್ಡ ಸ್ಟಡಿಲಿ ಜೀನೋಮ್‌ನಲ್ಲಿ (ಅಂದ್ರೆ ನಮ್ಮ ಪೂರ್ತಿ ಡಿಎನ್ಎಲಿ) ಈ ಕಾಯಿಲೆ ಜೊತೆ ನಂಟಿರೋ 287 ಜಾಗಗಳು ಸಿಕ್ವು, ಅಲ್ಲಿನ ವ್ಯತ್ಯಾಸಗಳು ತುಂಬಾ ಜನರಲ್ಲಿ ಇರೋವೇ, ಒಂದೊಂದೂ ರಿಸ್ಕ್ ಏರಿಸೋದು ಚೂರೇ ಚೂರು. 2016ರಲ್ಲಿ ಸಿಕ್ಕಾಪಟ್ಟೆ ಸದ್ದು ಮಾಡಿದ ಸಿ4 ಜೀನ್ ಕೂಡ ಇದೇ ಗುಂಪಿನದು, ಮೆದುಳಲ್ಲಿ ನರಕೋಶಗಳ ನಡುವಿನ ಕನೆಕ್ಷನ್ ಕತ್ತರಿಸೋ ಕೆಲಸಕ್ಕೂ ಅದಕ್ಕೂ ನಂಟಿದೆ. ಅಪರೂಪದ್ದು ಬೇರೆ ಕಥೆ: 22ನೇ ಕ್ರೋಮೋಸೋಮ್‌ನ ಒಂದು ತುಂಡು ಇಲ್ದೇ ಇರೋರಲ್ಲಿ (22ಕ್ಯೂ11 ಡಿಲೀಷನ್) ಹತ್ತಿರತ್ರ ನಾಲ್ಕರಲ್ಲಿ ಒಬ್ರಿಗೆ ಸ್ಕಿಜೋಫ್ರೇನಿಯಾ ಥರದ ಕಾಯಿಲೆ ಬರತ್ತೆ. ಹಾಗಾಗಿ ಕಾಯಿಲೆ ಇರೋರಿಗೆ ಹುಟ್ಟಿಂದ ಹಾರ್ಟ್ ತೊಂದ್ರೆ, ಸೀಳು ಅಂಗುಳ, ಕಲಿಕೆಲಿ ತೊಡಕು ಇವೂ ಇದ್ರೆ ಜೆನೆಟಿಕ್ ಕೌನ್ಸೆಲರ್ ಹತ್ರ ಹೋಗಿ ಮೈಕ್ರೋಅರೇ ಟೆಸ್ಟ್ (ಕ್ರೋಮೋಸೋಮ್‌ನ ತುಂಡು ಕಮ್ಮಿ ಇದ್ಯಾ, ಜಾಸ್ತಿ ಇದ್ಯಾ ಅಂತ ನೋಡೋದು) ಬೇಕಾ ಅಂತ ಕೇಳಿ.

ಪಾಲಿಜೆನಿಕ್ ಸ್ಕೋರ್ (ಆ ಚೂರು ಚೂರು ರಿಸ್ಕ್‌ಗಳನ್ನೆಲ್ಲ ಕೂಡಿಸಿ ಕೊಡೋ ಒಂದು ಅಂಕಿ) ಕೊಡ್ತೀವಿ ಅನ್ನೋ ಟೆಸ್ಟ್‌ಗೆ ದುಡ್ಡು ಸುರೀಬೇಡಿ ಅಂತ ನನ್ ಅಭಿಪ್ರಾಯ. ಅದ್ರಿಂದ ಒಬ್ಬ ವ್ಯಕ್ತಿಗೆ ಬರತ್ತೋ ಇಲ್ವೋ ಹೇಳಕ್ಕಾಗಲ್ಲ, ಡೇಟಾ ಬೇರೆ ಬಹುಪಾಲು ಯುರೋಪಿಯನ್ ಮೂಲದವ್ರದ್ದು, ಬೇರೆಯವ್ರಿಗೆ ಇನ್ನೂ ಕಮ್ಮಿ ಕರಾರುವಾಕ್ಕು.

ಜೀನ್ ಬದಲಾಯಿಸಕ್ಕಾಗಲ್ಲ, ಗಾಂಜಾ ಬಿಡಬಹುದು, ಅದ್ರಲ್ಲೂ ಹದಿಹರೆಯದಲ್ಲಿ ಮುಟ್ಲೇಬಾರ್ದು. ಹದಿನೈದರಿಂದ ಮೂವತ್ತೈದರ ಒಳಗೆ ಯಾರಾದ್ರೂ ಇದ್ದಕ್ಕಿದ್ದಂಗೆ ಎಲ್ರಿಂದ ದೂರ ಆಗೋದು, ವಿಪರೀತ ಅನುಮಾನ ಪಡೋದು, ಇಲ್ದೇ ಇರೋ ದನಿ ಕೇಳ್ತಿದೆ ಅನ್ನೋದು ಮಾಡಿದ್ರೆ ಸೈಕಿಯಾಟ್ರಿಸ್ಟ್ ಹತ್ರ ಕರ್ಕೊಂಡ್ ಹೋಗಿ, ತಡ ಮಾಡ್ಬೇಡಿ. ಹೋಗೋವಾಗ ಮನೇಲಿ ಯಾರ್ಯಾರಿಗೆ, ಎಷ್ಟನೇ ವಯಸ್ಸಲ್ಲಿ, ಏನು ಕಾಯಿಲೆ ಅಂತ ಒಂದು ಹಾಳೇಲಿ ಬರ್ಕೊಂಡು ಹೋಗಿ, ಬೈಪೋಲಾರ್ ಇದ್ರೆ ಅದನ್ನೂ ಸೇರ್ಸಿ.