ಅಂಗಳದ ಹೊಂಗೆಗೊಂದು ಹಾಜರಿ ಪುಸ್ತಕ

ಮಕ್ಕಳಿಗೆ ನಿಸರ್ಗದ ಪರಿಚಯ ಮಾಡಿಸಬೇಕೆಂದರೆ ಬಸ್ ಗೊತ್ತು ಮಾಡಿ, ಚಿತ್ರಾನ್ನ ಕಟ್ಟಿಸಿಕೊಂಡು ಬನ್ನೇರುಘಟ್ಟಕ್ಕೋ ಕೊಕ್ಕರೆಬೆಳ್ಳೂರಿಗೋ ಹೊರಡಬೇಕು ಎಂಬ ನಂಬಿಕೆ ನಮ್ಮ ಶಾಲೆಗಳಲ್ಲಿ ಗಟ್ಟಿಯಾಗಿದೆ. ಪ್ರವಾಸ ಖಂಡಿತ ಹೋಗಲಿ. ಆದರೆ ಅಂಗಳದ ಒಂದೇ ಮರವನ್ನು ವರ್ಷಪೂರ್ತಿ ನೋಡಿದ ಮಗು ಅದಕ್ಕಿಂತ ಹೆಚ್ಚು ಕಲಿಯುತ್ತದೆ. ಬೇಕಾದದ್ದು ವಾರಕ್ಕೆ ಇಪ್ಪತ್ತು ನಿಮಿಷ, ಒಂದು ನೋಟ್‌ಬುಕ್, ದಾರ, ಅಳತೆಪಟ್ಟಿ. ಸಿಕ್ಕರೆ ಒಂದು ಭೂತಗನ್ನಡಿ. ಸರ್ಕಾರಿ ಶಾಲೆಗಳಲ್ಲಿ ಚೀಲವಿಲ್ಲದೆ ಬರುವ ‘ಸಂಭ್ರಮ ಶನಿವಾರ’ದಂದು ಇದನ್ನು ಆರಂಭಿಸಬಹುದು.

ಮೊದಲು ಮರ

ಬೇವು, ಹುಣಸೆ, ಮಾವು, ಹಲಸು ಯಾವುದಾದರೂ ಆದೀತು. ನನ್ನ ಮತ ಹೊಂಗೆಗೆ. ಬಯಲುಸೀಮೆಯ ಶಾಲೆಗಳಲ್ಲಿ ಅದು ಸಾಮಾನ್ಯ, ಕೊಂಬೆಗಳು ಮಕ್ಕಳ ಕೈಗೆಟಕುತ್ತವೆ, ವರ್ಷದೊಳಗೆ ಎಲೆ ಉದುರಿಸಿ ಚಿಗುರಿ ಹೂಬಿಟ್ಟು ಕಾಯಿಕಟ್ಟುವ ಆಟವನ್ನೆಲ್ಲ ಕಣ್ಣೆದುರೇ ಆಡುತ್ತದೆ. ಮರ ಆರಿಸಿದ ಮೇಲೆ ತಲೆಯೆತ್ತಿ ನೋಡಿ: ಹೆಜ್ಜೇನಿನ ಹುಟ್ಟಿ, ಒಣಗಿದ ಕೊಂಬೆ, ಹತ್ತಿರದಲ್ಲಿ ವಿದ್ಯುತ್ ತಂತಿ ಇದ್ದರೆ ಬೇರೆ ಮರ ಹುಡುಕಿ.

ಮಕ್ಕಳನ್ನು ಐದೈದರ ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದೊಂದು ಕೊಂಬೆ ಹಂಚಿ. ಗುರುತಿಗೆ ಬಣ್ಣದ ಬಟ್ಟೆಯ ಚೂರನ್ನು ಸಡಿಲವಾಗಿ ಕಟ್ಟಿದರೆ ಸಾಕು. ಮೊಳೆ ಹೊಡೆಯಬಾರದು.

ನೋಟ್‌ಬುಕ್ಕಿನಲ್ಲಿ ಏನಿರಬೇಕು

ವಾರದ ಒಂದೇ ದಿನ, ಒಂದೇ ಹೊತ್ತಿಗೆ ಹೋಗಿ. ಎಲೆ, ಹೂ, ಕಾಯಿ ಎಂದು ಅಂಕಣ ಎಳೆಸಿ. ಚಿಗುರು ಮತ್ತು ಬಲಿತ ಎಲೆ, ಮೊಗ್ಗು ಮತ್ತು ಅರಳಿದ ಹೂ, ಹಸಿ ಕಾಯಿ ಮತ್ತು ಒಣ ಕಾಯಿ ಬೇರೆಬೇರೆ ಇರಲಿ. ಪ್ರತಿಯೊಂದರ ಎದುರು ಮೂರರಲ್ಲಿ ಒಂದು ಉತ್ತರ: ‘ಇಲ್ಲ’, ‘ಸ್ವಲ್ಪ’, ‘ಬಹಳ’. ಮರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಕಂಡರೆ ಸ್ವಲ್ಪ, ಹೆಚ್ಚಿದ್ದರೆ ಬಹಳ. ದೇಶದ ಹಲವು ಶಾಲೆಗಳ ಮಕ್ಕಳು ಪಾಲ್ಗೊಳ್ಳುವ ‘ಸೀಸನ್‌ವಾಚ್’ ಯೋಜನೆಯಲ್ಲೂ ಮರದ ಎಲೆ, ಹೂ, ಹಣ್ಣುಗಳನ್ನು ವಾರವಾರ ಹೀಗೇ ದಾಖಲಿಸುತ್ತಾರೆ. ಕೊನೆಯ ಅಂಕಣ ಖಾಲಿ ಬಿಡಿ. ಅಲ್ಲಿ ಮಗು ತನಗೆ ಕಂಡದ್ದನ್ನು ಬರೆಯಲಿ. ಕಾಗುಣಿತ ತಿದ್ದುವ ಕೆಂಪು ಪೆನ್ನು ಆ ಅಂಕಣದ ಹತ್ತಿರ ಸುಳಿಯಬಾರದು.

ಒಂದೇ ಎಲೆ, ಹತ್ತು ನಿಮಿಷ

ನಿಜವಾದ ಪಾಠ ನಡೆಯುವುದು ಇಲ್ಲೇ. ಹೊಂಗೆಯ ಒಂದು ಎಲೆ ತೋರಿಸಿ ಎಂದರೆ ಬಹುತೇಕ ಮಕ್ಕಳು ಒಂದು ಕಿರುಎಲೆಯನ್ನು ಕಿತ್ತು ತರುತ್ತಾರೆ. ಸಾಮಾನ್ಯವಾಗಿ ಐದೋ ಏಳೋ ಕಿರುಎಲೆಗಳು ಸೇರಿ ಒಂದು ಎಲೆ ಎಂದು ತಕ್ಷಣ ಹೇಳಿಬಿಡಬೇಡಿ. ಮೊಗ್ಗು ಯಾವ ಬುಡದಲ್ಲಿದೆ ಎಂದು ಹುಡುಕಲು ಹೇಳಿ. ಕಿರುಎಲೆಯ ಬುಡದಲ್ಲಿ ಅದು ಇರುವುದಿಲ್ಲ, ಇಡೀ ತೊಟ್ಟು ಕೊಂಬೆಗೆ ಸೇರುವಲ್ಲಿ ಇರುತ್ತದೆ. ಉತ್ತರ ಅವರಿಗೇ ಹೊಳೆಯುತ್ತದೆ.

ಹಲವು ಎಲೆಗಳ ಮೇಲೆ ಪುಟ್ಟ ಬೆರಳುಗಳಂತೆ ಗಂಟುಗಳು ಎದ್ದಿರುತ್ತವೆ. ಮಕ್ಕಳು ಅದನ್ನು ಕಾಯಿ ಎನ್ನುತ್ತಾರೆ, ಕೆಲವರು ಸಿಡುಬು ಎನ್ನುತ್ತಾರೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಒಳಗೆ ಬಾಳುತ್ತಿದ್ದು, ಅವುಗಳ ಕಾಟಕ್ಕೆ ಎಲೆಯೇ ಹಾಗೆ ಬೆಳೆದುಕೊಂಡಿರುತ್ತದೆ. ಒಂದನ್ನು ಬ್ಲೇಡಿನಿಂದ ಶಿಕ್ಷಕರು ಸೀಳಿ ಭೂತಗನ್ನಡಿಯಲ್ಲಿ ತೋರಿಸಲಿ. ಮುಂದಿನ ವಾರದಿಂದ ಹತ್ತು ಎಲೆಗಳಲ್ಲಿ ಗಂಟಿರುವವು ಎಷ್ಟು ಎಂದು ಎಣಿಸಿದರೆ ಶೇಕಡಾವಾರು ಲೆಕ್ಕ ತಾನಾಗಿ ಬಂತು.

‘ಇದೇನು ಸರ್?’ ಎಂಬ ಪ್ರಶ್ನೆಗೆ ಹೆಸರು ಹೇಳಿ ಕೈತೊಳೆದುಕೊಳ್ಳುವುದು ನಮ್ಮೆಲ್ಲರ ಚಾಳಿ. ಹೆಸರು ಸಿಕ್ಕ ಕೂಡಲೇ ನೋಡುವುದು ನಿಲ್ಲುತ್ತದೆ. ‘ಹೋದ ವಾರವೂ ಹೀಗೇ ಇತ್ತೇ?’ ಎಂದು ಕೇಳಿ.

ಅಳತೆ

ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡಕ್ಕೆ ದಾರ ಸುತ್ತಿ ಅಳೆಯಿರಿ. ಅರಣ್ಯ ಇಲಾಖೆಯವರು ಸುತ್ತಳತೆ ಹಿಡಿಯುವುದೂ ಈ ಎತ್ತರದಲ್ಲೇ. ಅದನ್ನು 3.14ರಿಂದ ಭಾಗಿಸಿದರೆ ಕಾಂಡದ ವ್ಯಾಸ.

ಎತ್ತರಕ್ಕೆ ನೆರಳು ಸಾಕು. ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿದಾಗ ಅದರ ನೆರಳು 1.2 ಮೀಟರ್, ಅದೇ ಹೊತ್ತಿನಲ್ಲಿ ಮರದ ನೆರಳು 10.8 ಮೀಟರ್ ಇದ್ದರೆ ಮರದ ಎತ್ತರ 9 ಮೀಟರ್. ನೆಲ ಸಮತಟ್ಟಾಗಿರಬೇಕು, ಕಾಂಡದ ನಡುವಿನಿಂದ ಅಳೆಯಬೇಕು. ಬೆಳಗಿನ ಮೊದಲ ಅವಧಿಯಲ್ಲೇ ಮಾಡಿ. ಹೊಂಗೆಯದು ಹರಡಿದ ಕೊಡೆ. ಸೂರ್ಯ ಮೇಲೇರಿದಂತೆ ನೆರಳಿನ ಅಂಚು ತುದಿಯದ್ದಾಗಿರದೆ ಪಕ್ಕದ ಕೊಂಬೆಯದ್ದಾಗಿ ಲೆಕ್ಕ ಕೆಡುತ್ತದೆ. ಅಂದಹಾಗೆ, ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದ ಹೊತ್ತಿಗೂ ಆಗಸ್ಟ್ 18ರ ಆಸುಪಾಸಿನಲ್ಲೂ ನಡುಹಗಲಿನಲ್ಲಿ ಕೋಲಿಗೆ ನೆರಳೇ ಬೀಳದ ದಿನವಿದೆ. ಏಪ್ರಿಲ್‌ನದು ರಜೆಯ ಪಾಲು. ಆಗಸ್ಟ್‌ನದಕ್ಕೆ ಮೋಡ ಸರಿದರೆ ಅದೃಷ್ಟ.

ಎಚ್ಚರಿಕೆ

ಮರ ಹತ್ತುವುದು ಬೇಡ, ಕಂಬಳಿಹುಳುವನ್ನು ಮುಟ್ಟುವುದು ಬೇಡ, ಗುಡುಗು ಕೇಳಿದರೆ ಒಳಗೆ ಬನ್ನಿ. ಹೊಂಗೆ ಬೀಜವನ್ನು ಬಾಯಿಗೆ ಹಾಕಬಾರದು. ಅದರ ಎಣ್ಣೆ ದೀಪಕ್ಕೆ, ಹಿಂಡಿ ಗೊಬ್ಬರಕ್ಕೆ ಮಾತ್ರ. ಇಷ್ಟೇ.

ಮಾರ್ಚ್ ತಿಂಗಳ ತಕರಾರು

ಚಳಿ ಕಳೆಯುವ ಹೊತ್ತಿಗೆ ಹೊಂಗೆ ಎಲೆ ಉದುರಿಸುತ್ತದೆ. ಮಾರ್ಚ್‌ನಲ್ಲಿ ಮಿರಿಮಿರಿ ಚಿಗುರು, ಹಿಂದೆಯೇ ನಸುನೇರಳೆ ಬೆರೆತ ಬಿಳಿ ಹೂ, ಜೇನ್ನೊಣಗಳ ಮೊರೆತ. ನೆಲದ ಮೇಲೆ ಹೂವಿನ ಹಾಸಿಗೆ. ದುರದೃಷ್ಟಕ್ಕೆ ನಮ್ಮ ಪರೀಕ್ಷೆಯೂ ಆಗಲೇ. ಮರ ವರ್ಷವಿಡೀ ಕಾದು ಪ್ರದರ್ಶನ ಕೊಡುವಾಗ ಪ್ರೇಕ್ಷಕರು ಒಳಗೆ ಕುಳಿತು ಹೂವಿನ ಭಾಗಗಳನ್ನು ಉರು ಹೊಡೆಯುತ್ತಿರುತ್ತಾರೆ! ಈ ತಿಂಗಳಲ್ಲಿ ಇಪ್ಪತ್ತು ನಿಮಿಷವನ್ನು ಐದಕ್ಕೆ ಇಳಿಸಿ, ಆದರೆ ಒಂದು ವಾರವನ್ನೂ ತಪ್ಪಿಸಬೇಡಿ. ‘ಪಾಠ ಹಿಂದೆ ಬೀಳುತ್ತದಲ್ಲ’ ಎನ್ನುವ ಪೋಷಕರಿಗೆ ನೋಟ್‌ಬುಕ್ಕನ್ನೇ ಕೊಡಿ. ಅನುಪಾತ, ಶೇಕಡಾ, ನಕ್ಷೆ, ವಾಕ್ಯರಚನೆ ಎಲ್ಲವೂ ಅದರಲ್ಲಿ ಸಿಗುತ್ತವೆ.

ಬೇಸಿಗೆ ರಜೆಯಲ್ಲಿ ಶಾಲೆಯ ಬಳಿಯೇ ಮನೆಯಿರುವ ಇಬ್ಬರಿಗೆ ಪುಸ್ತಕ ಒಪ್ಪಿಸಿ. ಜೂನ್‌ನಲ್ಲಿ ಅದು ಮುಂದಿನ ತಂಡಕ್ಕೆ ಹೋಗಲಿ. ಹೊಸಬರು ಅದೇ ಎತ್ತರದಲ್ಲಿ ದಾರ ಸುತ್ತಿ, ಹಳೆಯ ಸುತ್ತಳತೆಯ ಪಕ್ಕದಲ್ಲೇ ತಮ್ಮದನ್ನು ಬರೆಯಲಿ.