ಕಾಡ್ ಮೀನಿನ ಕಿವಿಗಲ್ಲನ್ನು ನಾನು ಓದುವ ಬಗೆ

ಉತ್ತರ ನಾರ್ವೆಯಲ್ಲಿ ಹಿಡಿದ ಅಟ್ಲಾಂಟಿಕ್ ಕಾಡ್ ಮೀನುಗಳ ವಯಸ್ಸನ್ನು ಅವುಗಳ ಕಿವಿಗಲ್ಲಿನಿಂದ, ಎಂದರೆ ಒಳಕಿವಿಯಲ್ಲಿ ಪದರಪದರವಾಗಿ ಬೆಳೆಯುವ ಗಟ್ಟಿ ಕಲ್ಲಿನಿಂದ, ಗುರುತಿಸುವುದು ನನ್ನ ಕೆಲಸ. ಅವುಗಳಲ್ಲಿ ಒಂದು ಬಗೆ, ನಾರ್ವೆಯ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದಲ್ಲಿ ಕ್ಯಾಪೆಲಿನ್‌ನಂಥ ಸಣ್ಣ ಮೀನುಗಳನ್ನು ತಿಂದು ಬೆಳೆಯುತ್ತದೆ. ಅದು ಸಾಮಾನ್ಯವಾಗಿ ಆರರಿಂದ ಎಂಟನೆಯ ವರ್ಷದೊಳಗೆ ಪ್ರೌಢವಾಗಿ, ಚಳಿಗಾಲದಲ್ಲಿ ನೂರಾರು ಕಿಲೋಮೀಟರ್ ಈಜಿ ನಾರ್ವೆ ಕರಾವಳಿಯ ಲೋಫೋಟೆನ್ ದ್ವೀಪಗಳ ಬಳಿಗೆ ಮೊಟ್ಟೆಯಿಡಲು ಬರುತ್ತದೆ. ಮೇಲಿನ ತಣ್ಣನೆಯ ಕರಾವಳಿ ನೀರು ಕೆಳಗಿನ ತುಸು ಬೆಚ್ಚನೆಯ ಅಟ್ಲಾಂಟಿಕ್ ನೀರಿನೊಡನೆ ಬೆರೆಯುವ, 4ರಿಂದ 6 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಪದರವೇ ಅದಕ್ಕೆ ಪ್ರಿಯ. ಮೊಟ್ಟೆಗಳು ಮೇಲಕ್ಕೆ ತೇಲುತ್ತವೆ. ಒಡೆದು ಬಂದ ಮರಿಗಳನ್ನು ಪ್ರವಾಹವು ಮತ್ತೆ ಉತ್ತರಕ್ಕೆ ಒಯ್ಯುತ್ತದೆ.

ಕಣ್ಣುಗಳ ಹಿಂದೆ ತಲೆಯನ್ನು ಅಡ್ಡಲಾಗಿ ಕೊಯ್ದರೆ, ಮಿದುಳಿನ ಕೆಳಗೆ ಇಕ್ಕೆಲಗಳಲ್ಲಿ ಒಂದೊಂದು ಬಿಳಿಯ ಕಲ್ಲು ಕಾಣುತ್ತದೆ. ಅವನ್ನು ಚಿಮಟದಿಂದ ಎತ್ತಿ, ಲೋಳೆಯನ್ನು ಒರೆಸಿ, ಮೀನಿನ ಉದ್ದ, ತೂಕ, ಲಿಂಗಗಳನ್ನು ಬರೆದ ಕಾಗದದ ಲಕೋಟೆಗೆ ಹಾಕಿಡುತ್ತೇನೆ. ಪ್ರಯೋಗಾಲಯದಲ್ಲಿ ಕಲ್ಲನ್ನು ನಡುವಿನ ತಿರುಳಿನ ಮೂಲಕವೇ ಮುರಿಯಬೇಕು. ಮುರಿತ ತುಸು ಪಕ್ಕಕ್ಕೆ ಸರಿದರೂ ಮೊದಲ ಉಂಗುರವೇ ಕಣ್ಣಿಗೆ ಬೀಳದಿರಬಹುದು. ಮುರಿದ ಮುಖವನ್ನು ಒದ್ದೆ ಮಾಡಿ, ಪಕ್ಕದಿಂದ ಬೆಳಕು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ವೇಗವಾಗಿ ಬೆಳೆದ ಕಾಲದ ಅಗಲವಾದ ಮಸುಕು ಪಟ್ಟಿಗಳೂ ಬೆಳವಣಿಗೆ ನಿಧಾನಿಸಿದ ಕಾಲದ ಕಿರಿದಾದ ಅರೆಪಾರದರ್ಶಕ ಪಟ್ಟಿಗಳೂ ಒಂದಾದ ಮೇಲೊಂದು ತೋರುತ್ತವೆ. ಇಂಥ ಒಂದು ಜೋಡಿ ಒಂದು ವರ್ಷ. ನಮ್ಮ ಕರಾವಳಿಯ ಬೂತಾಯಿಯಲ್ಲಿ ವರ್ಷದ ಉಂಗುರಗಳು ಇಷ್ಟು ಸ್ಪಷ್ಟವಾಗಿರುವುದಿಲ್ಲ. ಜನವರಿ 1ನ್ನು ಎಲ್ಲ ಮೀನುಗಳ ಹುಟ್ಟುಹಬ್ಬವೆಂದು ಎಣಿಸುವುದು ವಾಡಿಕೆಯಾದ್ದರಿಂದ, ಫೆಬ್ರವರಿಯಲ್ಲಿ ಹಿಡಿದ ಮೀನಿನ ಅಂಚಿನಲ್ಲಿ ಇನ್ನೂ ಮುಗಿಯದ ಚಳಿಗಾಲದ ಪಟ್ಟಿಯನ್ನೂ ಲೆಕ್ಕಕ್ಕೆ ಸೇರಿಸುತ್ತೇನೆ.

ಎಣಿಕೆಗಿಂತ ಹೆಚ್ಚು ಹೊತ್ತು ನಾನು ನೋಡುವುದು ಒಳಗಿನ ಮೊದಲ ಎರಡು ಉಂಗುರಗಳನ್ನು. ಫ್ಯೋರ್ಡ್‌ಗಳಲ್ಲೇ (ನೆಲದೊಳಕ್ಕೆ ಚಾಚಿದ ಕಿರಿದಾದ ಕಡಲ ಕೊಲ್ಲಿಗಳಲ್ಲೇ) ಉಳಿಯುವ ಇನ್ನೊಂದು ಬಗೆಯಾದ ಕರಾವಳಿ ಕಾಡ್‌ನಲ್ಲಿ ಮೊದಲ ಅರೆಪಾರದರ್ಶಕ ಪಟ್ಟಿ ಚಿಕ್ಕದಾಗಿ, ಹೆಚ್ಚು ದುಂಡಗಿದ್ದು, ಎರಡನೆಯದು ಅದರಿಂದ ದೂರವಿರುತ್ತದೆ. ಬ್ಯಾರೆಂಟ್ಸ್‌ನಿಂದ ಬಂದ ಮೀನಿನಲ್ಲಿ ಮೊದಲನೆಯದು ದೊಡ್ಡದಾಗಿ, ನೀಳವಾಗಿದ್ದು, ಎರಡನೆಯದು ಹತ್ತಿರವಿರುತ್ತದೆ. ಈ ವ್ಯತ್ಯಾಸವನ್ನು 1930ರ ದಶಕದಲ್ಲಿ ನಾರ್ವೆಯ ಮೀನುವಿಜ್ಞಾನಿ ಗುನ್ನಾರ್ ರೋಲೆಫ್ಸೆನ್ ಗುರುತಿಸಿದರು. ಹೊರಭಾಗದ ಪಟ್ಟಿಗಳು ಒಮ್ಮೆಲೇ ಕಿರಿದಾಗಿ, ಒಂದೇ ಸಮನಾದರೆ, ಅಲ್ಲಿಂದಾಚೆಗೆ ಮೀನು ಮೊಟ್ಟೆಯಿಡಲಾರಂಭಿಸಿದೆ ಎಂದರ್ಥ.

ಈ ಬೇರ್ಪಡಿಕೆ ಬಹಳ ಮುಖ್ಯವೆಂದು ನಾನು ನಂಬುತ್ತೇನೆ. ಎರಡೂ ಬಗೆಯ ಮೀನುಗಳು ಒಂದೇ ಬಲೆಗೆ ಬೀಳುತ್ತವೆ. ಆದರೆ ಕರಾವಳಿಯ ಸಂಖ್ಯೆ ಬ್ಯಾರೆಂಟ್ಸ್‌ನದಕ್ಕಿಂತ ಬಹಳ ಸಣ್ಣದು. ಒಟ್ಟಿಗೆ ಲೆಕ್ಕಹಾಕಿದರೆ ದೊಡ್ಡದರ ಸಮೃದ್ಧಿಯಲ್ಲಿ ಸಣ್ಣದರ ಕುಸಿತ ಕಾಣದೆ ಹೋಗುತ್ತದೆ. ಆದ್ದರಿಂದ ಸಂದೇಹ ಬಂದ ಕಲ್ಲನ್ನು ಒಬ್ಬನೇ ತೀರ್ಮಾನಿಸದೆ, ನನ್ನ ಉತ್ತರವನ್ನು ತಿಳಿಸದೆಯೇ ಇನ್ನೊಬ್ಬ ಓದುಗರಿಗೆ ಕೊಡುತ್ತೇನೆ.